ಬಿಸಿಲಿನೊಳಗೆ ಗಂಧಕದ ನೆರಳು

2025ರ ನವೆಂಬರ್ 25ರ ಬೆಳಿಗ್ಗೆ ಎದುರು ಮನೆಯ ಹಿರಿಯರೊಬ್ಬರು ಮಹಡಿಯಿಂದಲೇ ಕೇಳಿದರು: "ಇಥಿಯೋಪಿಯಾದ ಬೂದಿ ಬರುತ್ತಿದೆಯಂತೆ, ಒಣಹಾಕಿದ ಬಟ್ಟೆ ತೆಗೆದುಬಿಡಲೇ?" ಹಿಂದಿನ ರಾತ್ರಿ ದೆಹಲಿಯ ನೆತ್ತಿಯ ಮೇಲೆ ಬೂದಿಯ ಮೋಡ ಬಂದಿತ್ತು. ವಿಮಾನಗಳು ರದ್ದಾಗಿದ್ದವು. ಕಣ್ಣೂರಿನಿಂದ ಅಬುಧಾಬಿಗೆ ಹೊರಟಿದ್ದ ಒಂದು ವಿಮಾನ ಅಹಮದಾಬಾದಿನಲ್ಲಿ ಇಳಿದಿತ್ತು. ಬಸವನಗುಡಿಯ ಆಕಾಶದಲ್ಲಿ ಮಾತ್ರ ಹೊಸದೇನೂ ಕಾಣುತ್ತಿರಲಿಲ್ಲ. "ಬೇಡ ಬಿಡಿ, ನಮ್ಮ ಕಡೆಗೆ ಬರುವುದಿಲ್ಲ" ಎಂದೆ. "ನಿಮಗೆ ಹೇಗೆ ಗೊತ್ತು?" ಎಂದು ಅವರು ಕೇಳಿದ್ದಕ್ಕೆ ಮಹಡಿಯಿಂದ ಮಹಡಿಗೆ ಕೂಗಿ ಹೇಳುವಂಥ ಉತ್ತರ ಇರಲಿಲ್ಲ.

ಅವರ ಆತಂಕ ಬುಡವಿಲ್ಲದ್ದೇನಲ್ಲ. ಸಿಡಿದ ಬೆಟ್ಟದ ಹೆಸರು ಹೈಲಿ ಗುಬ್ಬಿ. ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ, ಸುಮಾರು 13.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೆಂಗಳೂರು ಇರುವುದು 13ರ ಆಸುಪಾಸಿನಲ್ಲಿ. ನಕಾಶೆಯಲ್ಲಿ ಅಲ್ಲಿಂದ ಪೂರ್ವಕ್ಕೆ ಗೆರೆ ಎಳೆದರೆ ಸುಮಾರು 4,000 ಕಿಲೋಮೀಟರ್ ಆಚೆ ಅದು ಹೆಚ್ಚುಕಡಿಮೆ ನಮ್ಮ ತಲೆಯ ಮೇಲೆಯೇ ಹಾಯುತ್ತದೆ. ದೆಹಲಿಗೂ ಅಷ್ಟೇ ದೂರ. ನವೆಂಬರ್ 23ರಂದು ಎದ್ದ ಬೂದಿ ಹದಿನಾಲ್ಕು ಕಿಲೋಮೀಟರಿನಷ್ಟು ಎತ್ತರಕ್ಕೆ ಏರಿ, ಅಲ್ಲಿ ಬೀಸುತ್ತಿದ್ದ ಬಿರುಸಾದ ಗಾಳಿಯ ಬೆನ್ನೇರಿ, ಯೆಮನ್, ಒಮಾನ್, ಅರಬ್ಬಿ ಸಮುದ್ರಗಳನ್ನು ದಾಟಿ ಗುಜರಾತ್, ರಾಜಸ್ಥಾನಗಳ ಮೂಲಕ ದೆಹಲಿ ಮುಟ್ಟಲು ಒಂದೂವರೆ ದಿನ ಸಾಕಾಯಿತು. ಅಂದು ಮೇಲಿನ ಗಾಳಿ ಈಶಾನ್ಯಕ್ಕೆ ತಿರುಗಿತ್ತು. ನಮ್ಮ ಬಟ್ಟೆ ಉಳಿದದ್ದು ಅಷ್ಟರಿಂದಲೇ. ಗಾಳಿ ಈ ಲೇಖನದಲ್ಲಿ ಮತ್ತೆ ಬರುತ್ತದೆ, ಆಗ ಇಷ್ಟು ಉಪಕಾರಿಯಾಗಿ ಅಲ್ಲ.

ಟಿವಿಯವರು ಎರಡು ದಿನ ಬೂದಿಯ ಮಾತನ್ನೇ ಆಡಿದರು. ವಿಮಾನದ ಎಂಜಿನ್ನಿಗೆ ಅಪಾಯ ಬೂದಿಯಿಂದ, ಆದ್ದರಿಂದ ಅದು ಸಹಜ. 1982ರ ಜೂನ್‌ನಲ್ಲಿ ಇಂಡೊನೇಷ್ಯಾದ ಗಲುಂಗುಂಗ್ ಬೆಟ್ಟದ ಬೂದಿಯೊಳಗೆ ನುಗ್ಗಿದ ಬ್ರಿಟಿಷ್ ಏರ್‌ವೇಸ್ ಜಂಬೊ ವಿಮಾನದ ನಾಲ್ಕೂ ಎಂಜಿನ್‌ಗಳು ನಡು ಆಕಾಶದಲ್ಲಿ ನಿಂತುಹೋಗಿದ್ದವು. ಆದರೆ ಬೂದಿ ಹೇಳುವುದು ಆಗಿಹೋದ ಕಥೆಯನ್ನು. ಆಗಲಿರುವ ಕಥೆಯನ್ನು ಹೇಳುವುದು ಅನಿಲ. ಹೈಲಿ ಗುಬ್ಬಿಯ ವಿಷಯದಲ್ಲಿ ಆ ಕಥೆಯನ್ನು ಕೇಳಲು ಬುಡದಲ್ಲಿ ಯಾರೂ ಕುಳಿತಿರಲಿಲ್ಲ. ಕಳೆದ ಸುಮಾರು 12,000 ವರ್ಷಗಳಲ್ಲಿ ಅದು ಸಿಡಿದ ದಾಖಲೆಯೇ ಇಲ್ಲದಿರುವಾಗ ಯಾರು ತಾನೇ ಕುಳಿತುಕೊಳ್ಳುತ್ತಾರೆ?

ಬೆಟ್ಟದ ಹೊಟ್ಟೆಯಲ್ಲಿ ನಡೆಯುವುದನ್ನು ತಿಳಿಯಲು ಗೋಲಿ ಸೋಡಾಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಗೋಲಿಯನ್ನು ಒತ್ತುವ ತನಕ ಅನಿಲ ನೀರಿನಲ್ಲಿ ಕರಗಿಯೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒತ್ತಡ ಇಳಿದೊಡನೆ ಗುಳ್ಳೆ. ನೆಲದಾಳದ ಶಿಲಾಪಾಕವೂ, ಅಂದರೆ ಕರಗಿದ ಬಂಡೆಯೂ, ಹೀಗೆಯೇ: ಮೇಲೇರಿದಂತೆ ಅದರ ಮೇಲಿನ ಭಾರ ಕಡಿಮೆಯಾಗುತ್ತದೆ, ಕರಗಿದ್ದ ಅನಿಲಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಎಲ್ಲವೂ ಒಟ್ಟಿಗೆ ಅಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಇಂಗಾಲದ ಡೈಆಕ್ಸೈಡ್ ಬಹಳ ಆಳದಲ್ಲಿಯೇ ಹೊರಟುಬಿಡುತ್ತದೆ. ಗಂಧಕ ಮೇಲಿನ ಕೆಲವು ಕಿಲೋಮೀಟರುಗಳಿಗೆ ಬಂದ ಮೇಲೆ ಬಿಡುತ್ತದೆ. ಹಾಗಾಗಿ ಬಾಯಿಯಿಂದ ಬರುವ ಗಂಧಕದ ಡೈಆಕ್ಸೈಡ್ ಹೆಚ್ಚಿತೆಂದರೆ ಬಿಸಿ ಶಿಲಾಪಾಕ ಮೇಲಕ್ಕೆ ಬಂದು ಕುಳಿತಿದೆ ಎಂದು ಅನುಮಾನಿಸಬಹುದು.

ಜ್ವಾಲಾಮುಖಿ ಕಕ್ಕುವುದರಲ್ಲಿ ಹೆಚ್ಚಿನ ಪಾಲು ನೀರಾವಿ, ನಂತರ ಇಂಗಾಲದ ಡೈಆಕ್ಸೈಡ್. ಆದರೂ ಎಲ್ಲರೂ ಗಂಧಕದ ಬೆನ್ನು ಹತ್ತುವುದೇಕೆ? ಗಾಳಿಯಲ್ಲಿ ನೀರಾವಿ ಎಲ್ಲೆಡೆಯೂ ಇದೆ, ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 420 ಭಾಗಗಳಿಗೂ ಮಿಕ್ಕಿದೆ. ಅವುಗಳ ನಡುವೆ ಬೆಟ್ಟದ ಪಾಲನ್ನು ಬೇರ್ಪಡಿಸುವುದು ಕೆ.ಆರ್. ಮಾರುಕಟ್ಟೆಯ ಸಂದಣಿಯಲ್ಲಿ ಬಿಳಿ ಅಂಗಿಯವನೊಬ್ಬನನ್ನು ಹುಡುಕಿದಂತೆ. ಗಂಧಕದ ಡೈಆಕ್ಸೈಡ್ ಶುದ್ಧ ಗಾಳಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದೇ ಸಂದಣಿಯಲ್ಲಿ ಯಕ್ಷಗಾನದ ಕಿರೀಟ ತೊಟ್ಟು ನಿಂತವನು ಅವನು. ಇನ್ನೊಂದು ಅನುಕೂಲವೂ ಇದೆ: ಬಿಸಿಲಿನ ನೇರಳಾತೀತ ಭಾಗವನ್ನು ಈ ಅನಿಲ ಚೆನ್ನಾಗಿ ಹೀರುತ್ತದೆ.

ಇಡೀ ವಿದ್ಯೆ ನಿಂತಿರುವುದು ಈ ಹೀರುವಿಕೆಯ ಮೇಲೆ. ಆಕಾಶದ ಕಡೆಗೆ ಒಂದು ಪುಟ್ಟ ದೂರದರ್ಶಕ ತಿರುಗಿಸಿ, ಬಂದ ಬೆಳಕನ್ನು ಗಾಜಿನ ಎಳೆಯ ಮೂಲಕ ರೋಹಿತಮಾಪಕಕ್ಕೆ ಕಳುಹಿಸುತ್ತಾರೆ. ಪಿಯುಸಿ ಪ್ರಯೋಗಾಲಯದಲ್ಲಿ ಪಟ್ಟಕ ಮಾಡಿದ ಕೆಲಸವನ್ನೇ ಅದು ಮಾಡುತ್ತದೆ, ಕಣ್ಣಿಗೆ ಕಾಣದ ನೇರಳಾತೀತದಲ್ಲಿ. ಬೆಳಕು ಅನಿಲದ ಮೋಡವನ್ನು ಹಾದು ಬಂದಿದ್ದರೆ 300ರಿಂದ 320 ನ್ಯಾನೊಮೀಟರ್ ತರಂಗಾಂತರದ ನಡುವೆ ಒಂದರ ಪಕ್ಕ ಒಂದು ತಗ್ಗುಗಳು ಕಾಣುತ್ತವೆ, ಬಾಚಣಿಗೆಯ ಹಲ್ಲಿನಂತೆ. ಈ ಬಾಚಣಿಗೆ ಗಂಧಕದ ಡೈಆಕ್ಸೈಡಿನದೇ. ಬೇರೆ ಯಾವ ಅನಿಲದ ಹಲ್ಲೂ ಇದೇ ಅಂತರದಲ್ಲಿ ಇರುವುದಿಲ್ಲ. ತಗ್ಗು ಎಷ್ಟು ಆಳವೋ ಅನಿಲ ಅಷ್ಟು ಹೆಚ್ಚು.

ಮಂಜು, ಧೂಳು, ಹೊಗೆಯೂ ಬೆಳಕನ್ನು ತಗ್ಗಿಸುತ್ತವಲ್ಲ ಎಂದು ಕೇಳಬಹುದು. ತಗ್ಗಿಸುತ್ತವೆ, ಆದರೆ ಹಲ್ಲು ಮೂಡಿಸುವುದಿಲ್ಲ. ಇಡೀ ರೋಹಿತವನ್ನು ಇಳಿಜಾರಿನಂತೆ ನಯವಾಗಿ ಬಗ್ಗಿಸುತ್ತವೆ. ನಯವಾದ ಇಳಿಜಾರನ್ನು ಕಳೆದುಬಿಟ್ಟು ಹಲ್ಲುಗಳನ್ನಷ್ಟೇ ಉಳಿಸಿಕೊಂಡರೆ ಸಾಕು ಎಂಬ ಉಪಾಯವನ್ನು 1970ರ ದಶಕದ ಕೊನೆಯಲ್ಲಿ ಜರ್ಮನಿಯ ಉಲ್ರಿಚ್ ಪ್ಲಾಟ್ ಮತ್ತು ಡೀಟರ್ ಪೆರ್ನರ್ ರೂಢಿಗೆ ತಂದರು. ಪರಿಣತರು ಅದನ್ನು ಡೋಆಸ್ ಎನ್ನುತ್ತಾರೆ. ಓಝೋನ್ ಮಾತ್ರ ಅಡ್ಡಬರುತ್ತದೆ: ಅದರ ಹಲ್ಲುಗಳೂ ಇದೇ ನೆರೆಯಲ್ಲಿವೆ, 300ಕ್ಕಿಂತ ಕೆಳಗಿನ ಬಿಸಿಲನ್ನಂತೂ ಅದು ನೆಲಕ್ಕೆ ಇಳಿಯುವ ಮೊದಲೇ ನುಂಗಿಬಿಡುತ್ತದೆ. ಹೀಗಾಗಿ ಕೆಲಸ ನಡೆಯುವುದು ಬಹಳ ಇಕ್ಕಟ್ಟಾದ ಕಿಟಕಿಯಲ್ಲಿ.

ಬಂದ ಸಂಖ್ಯೆಯನ್ನು ಹೇಗೆ ಓದಬೇಕು ಎಂಬಲ್ಲಿ ಪತ್ರಿಕೆಗಳೂ ತಪ್ಪುವುದುಂಟು. ತೆಳು ಡಿಕಾಕ್ಷನ್ ಇರುವ ಉದ್ದನೆಯ ಲೋಟವನ್ನೂ ಗಟ್ಟಿ ಡಿಕಾಕ್ಷನ್ ಇರುವ ಗಿಡ್ಡ ಲೋಟವನ್ನೂ ಮೇಲಿನಿಂದ ನೋಡಿ. ಎರಡೂ ಅಷ್ಟೇ ಕಪ್ಪಾಗಿ ಕಾಣಬಹುದು. ರೋಹಿತಮಾಪಕ ಹೇಳುವುದು ಆ ಕಪ್ಪನ್ನು ಮಾತ್ರ: ಬೆಳಕು ಬಂದ ದಾರಿಯಲ್ಲಿ ಒಟ್ಟು ಎಷ್ಟು ಅಣುಗಳಿದ್ದವು ಎಂದು. ನೀವು ಉಸಿರಾಡುವ ಗಾಳಿಯಲ್ಲಿ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ದೆಹಲಿಯ ಮೇಲೆ ಉಪಗ್ರಹದ ನಕ್ಷೆ ಕೆಂಪಾಗಿ ಕಂಡಾಗ ಜನ ಮುಖಗವಸು ಹುಡುಕಿದ್ದು ಈ ಗೊಂದಲದಿಂದಲೇ. ಮೋಡ ಇದ್ದದ್ದು ಹಲವು ಕಿಲೋಮೀಟರ್ ಮೇಲೆ. ನೆಲದ ಗಾಳಿ ಕೆಟ್ಟಿದ್ದುದಕ್ಕೆ ದೆಹಲಿಯ ಬಳಿ ಅದರದೇ ಆದ ಕಾರಣಗಳಿದ್ದವು.

ಇಂಥ ಮೊದಲ ಉಪಕರಣ ಹುಟ್ಟಿದ್ದು ಜ್ವಾಲಾಮುಖಿಗಾಗಿ ಅಲ್ಲ. 1960ರ ದಶಕದಲ್ಲಿ ಕೆನಡಾದ ಬ್ಯಾರಿಂಜರ್ ಸಂಸ್ಥೆ ಕಾರ್ಖಾನೆಯ ಚಿಮಣಿಗಳಿಂದ ಬರುವ ಗಂಧಕವನ್ನು ಹೊರಗೆ ನಿಂತೇ ಅಳೆಯಲು ಕಾಸ್ಪೆಕ್ ಎಂಬ ಯಂತ್ರ ಮಾಡಿತು. ಚಿಮಣಿಗೂ ಬೆಟ್ಟದ ಬಾಯಿಗೂ ಬೆಳಕಿನ ಕಣ್ಣಿನಲ್ಲಿ ವ್ಯತ್ಯಾಸವಿಲ್ಲವಷ್ಟೆ. 1970ರ ದಶಕದ ಆರಂಭಕ್ಕೆ ಅದು ಜಪಾನಿನ ಜ್ವಾಲಾಮುಖಿಗಳ ಬುಡಕ್ಕೆ ಹೋಯಿತು. ಯಂತ್ರವನ್ನು ಜೀಪಿನಲ್ಲೋ ವಿಮಾನದಲ್ಲೋ ಇಟ್ಟುಕೊಂಡು ಹೊಗೆಯ ಅಡಿಯಲ್ಲಿ ಈ ಅಂಚಿನಿಂದ ಆ ಅಂಚಿಗೆ ಸಾಗಬೇಕು. ಹಾದಿಯುದ್ದಕ್ಕೂ ಸಿಕ್ಕ ಸಂಖ್ಯೆಗಳನ್ನು ಕೂಡಿಸಿ ಗಾಳಿಯ ವೇಗದಿಂದ ಗುಣಿಸಿದರೆ ದಿನಕ್ಕೆ ಇಷ್ಟು ಟನ್ ಎಂಬ ಲೆಕ್ಕ ಬರುತ್ತದೆ.

ಈ ಲೆಕ್ಕ ಜೀವ ಉಳಿಸಿದ ಕಥೆಯೆಂದರೆ ಫಿಲಿಪ್ಪೀನ್ಸಿನ ಪಿನಟುಬೊ. 1991ರ ಮೇ 13ರಂದು ಅದು ದಿನಕ್ಕೆ ಸುಮಾರು 500 ಟನ್ ಗಂಧಕದ ಡೈಆಕ್ಸೈಡ್ ಬಿಡುತ್ತಿತ್ತು. ಮೇ 28ಕ್ಕೆ 5,000 ಟನ್. ಹತ್ತು ಪಟ್ಟು ಏರಿಕೆ ನೋಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆಮೇಲೆ ಅದು ಥಟ್ಟನೆ ಇಳಿಯಿತು. ನಾನು ನೀವು ಅಲ್ಲಿದ್ದರೆ ಸದ್ಯ ತಣ್ಣಗಾಯಿತು ಎಂದು ನಿಟ್ಟುಸಿರು ಬಿಡುತ್ತಿದ್ದೆವು. ಅಲ್ಲಿದ್ದ ಫಿಲಿಪ್ಪೀನಿ ಮತ್ತು ಅಮೆರಿಕನ್ ವಿಜ್ಞಾನಿಗಳು ಹೆಚ್ಚು ಹೆದರಿದರು. ಕುಕ್ಕರಿನ ಉರಿ ಹಾಗೆಯೇ ಇದ್ದು ಸೀಟಿ ಮಾತ್ರ ನಿಂತರೆ ಅಡುಗೆ ಮಾಡುವವರು ಏನೆಂದುಕೊಳ್ಳುತ್ತಾರೋ ಅದನ್ನೇ ಅವರೂ ಅಂದುಕೊಂಡರು: ದಾರಿ ಕಟ್ಟಿಕೊಂಡಿದೆ, ಒಳಗೆ ಒತ್ತಡ ಕೂಡುತ್ತಿದೆ. ನೆಲದ ಕಂಪನಗಳ ಸಾಕ್ಷ್ಯವೂ ಜೊತೆಗಿತ್ತು. ಹತ್ತಾರು ಸಾವಿರ ಜನರನ್ನು ಸಾಗಿಸಿದರು. ಜೂನ್ 15ರಂದು ಪಿನಟುಬೊ 20ನೇ ಶತಮಾನದ ಎರಡನೇ ಅತಿ ದೊಡ್ಡ ಸ್ಫೋಟವಾಗಿ ಸಿಡಿಯಿತು. ಸತ್ತ ಎಂಟುನೂರಕ್ಕೂ ಹೆಚ್ಚು ಜನರಲ್ಲಿ ಬಹಳಷ್ಟು ಮಂದಿ ಬಲಿಯಾದದ್ದು, ಅದೇ ದಿನ ಬಂದ ಚಂಡಮಾರುತದ ಮಳೆಯಲ್ಲಿ ನೆನೆದು ಭಾರವಾದ ಬೂದಿಯಿಂದ ಛಾವಣಿಗಳು ಕುಸಿದು. ಜಾಗ ಖಾಲಿ ಮಾಡಿಸದಿದ್ದರೆ ಇನ್ನೂ ಕನಿಷ್ಠ 5,000 ಜನ ಸಾಯುತ್ತಿದ್ದರು ಎಂಬುದು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಅಂದಾಜು.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು 5,000 ಟನ್ ಎಂಬ ಸಂಖ್ಯೆಯಲ್ಲ, ಅದಕ್ಕೆ ಮೊದಲಿನ 500. ಅದನ್ನು ಯಾರೂ ಅಳೆಯದೆ ಹೋಗಿದ್ದರೆ ಏರಿತು ಎನ್ನಲೂ ಇಳಿಯಿತು ಎನ್ನಲೂ ಆಧಾರವಿರುತ್ತಿರಲಿಲ್ಲ. ಹಾಗೆಂದು ಅಳತೆ ಇಳಿದಾಗಲೆಲ್ಲ ಒಂದೇ ಅರ್ಥವಲ್ಲ. ಕೆಲವೊಮ್ಮೆ ಬೆಟ್ಟ ನಿಜವಾಗಿಯೇ ತಣ್ಣಗಾಗಿರುತ್ತದೆ, ಕೆಲವೊಮ್ಮೆ ಒಳಗಿನ ಅಂತರ್ಜಲವೇ ಗಂಧಕವನ್ನು ಕರಗಿಸಿಕೊಂಡು ಮುಚ್ಚಿಟ್ಟಿರುತ್ತದೆ. ಕೊಲಂಬಿಯಾದ ಗಲೇರಾಸ್ ಬೆಟ್ಟ 1993ರ ಜನವರಿ 14ರಂದು ಸಿಡಿಯುವ ಮೊದಲು ಶಾಂತವಾಗಿಯೇ ಕಾಣುತ್ತಿತ್ತು. ಅಂದು ಬಾಯಿಯ ಬಳಿ ಇಳಿದಿದ್ದ ಆರು ವಿಜ್ಞಾನಿಗಳೂ ಮೂವರು ಪ್ರವಾಸಿಗಳೂ ಸತ್ತರು. ಬಿರುಕಿನಿಂದ ಬರುವ ಅನಿಲವನ್ನು ಬಾಟಲಿಯಲ್ಲಿ ಹಿಡಿಯುವ ಕೆಲಸವೂ ಆ ತಂಡಕ್ಕಿತ್ತು. ದೂರದಿಂದ ಬೆಳಕಿನಲ್ಲಿ ಅಳೆಯುವುದೆಂದರೆ ಬರಿಯ ಅನುಕೂಲದ ಮಾತಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಕಾಸ್ಪೆಕ್ ಭಾರವಾಗಿತ್ತು, ದುಬಾರಿಯಾಗಿತ್ತು. 2000ದ ಆಚೆ ಅಂಗೈಯಗಲದ ರೋಹಿತಮಾಪಕಗಳು ಮಾರುಕಟ್ಟೆಗೆ ಬಂದ ಮೇಲೆ ಚಿತ್ರ ಬದಲಾಯಿತು. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಬೋ ಗಾಲೆ ಮತ್ತು ಸಂಗಡಿಗರು ಇವನ್ನು ಚಿಕ್ಕ ಪೆಟ್ಟಿಗೆಗೆ ಇಳಿಸಿದರು. 2005ರಲ್ಲಿ ಐರೋಪ್ಯ ಒಕ್ಕೂಟದ ಹಣದಿಂದ ನೋವ್ಯಾಕ್ ಎಂಬ ಜಾಲ ಶುರುವಾಯಿತು. ಬೆಟ್ಟದ ತಪ್ಪಲಿನಲ್ಲಿ ನೆಟ್ಟ ಪೆಟ್ಟಿಗೆ ತಾನೇ ಕಣ್ಣು ಹೊರಳಿಸುತ್ತ ಒಂದು ದಿಗಂತದಿಂದ ಇನ್ನೊಂದಕ್ಕೆ ಆಕಾಶವನ್ನು ಗುಡಿಸುತ್ತದೆ. ಕೆಲವು ನಿಮಿಷಕ್ಕೊಂದು ಬಾರಿ, ಸೂರ್ಯ ಇರುವಷ್ಟು ಹೊತ್ತೂ. ಲ್ಯಾಟಿನ್ ಅಮೆರಿಕದಿಂದ ಕಾಂಗೋವರೆಗೆ ಮೂವತ್ತಕ್ಕೂ ಹೆಚ್ಚು ಜ್ವಾಲಾಮುಖಿಗಳ ದಾಖಲೆ ಈ ಪೆಟ್ಟಿಗೆಗಳಿಂದ ಸಿಕ್ಕಿದೆ.

ಬೆಳಕಿನ ಭಾಗ ಇಷ್ಟು ಪಳಗಿದ ಮೇಲೂ ಟನ್ನುಗಳ ಲೆಕ್ಕ ಏಕೆ ತೂಗಾಡುತ್ತದೆ? ಗಾಳಿಯಿಂದ. ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಗೊತ್ತು: ಮಹಡಿಯ ಮೇಲೆ ಎಲೆ ಅಲುಗದಿದ್ದರೂ ನೂರಡಿ ಮೇಲೆ ದಾರ ಕೈ ಕೊಯ್ಯುವಷ್ಟು ಗಾಳಿ ಇರಬಹುದು. ಹೊಗೆ ಎಷ್ಟು ಎತ್ತರದಲ್ಲಿದೆ, ಆ ಎತ್ತರದಲ್ಲಿ ಗಾಳಿ ಎಷ್ಟು ವೇಗವಾಗಿದೆ ಎಂಬುದು ಹವಾಮಾನ ಮಾದರಿಯ ಊಹೆಯಾದರೆ, ಅನಿಲ ಎಷ್ಟೇ ನಿಖರವಾಗಿ ಸಿಕ್ಕಿದರೂ ಗುಣಾಕಾರದಲ್ಲಿ ಹಾಳಾಗುತ್ತದೆ. ಎರಡು ಪೆಟ್ಟಿಗೆಗಳನ್ನು ಎರಡು ಕಡೆ ಇಟ್ಟರೆ ಎತ್ತರ ಸಿಗುತ್ತದೆ. 310 ಮತ್ತು 330 ನ್ಯಾನೊಮೀಟರಿನ ಸೋಸುಗಾಜು ಹಾಕಿದ ನೇರಳಾತೀತ ಕ್ಯಾಮೆರಾಗಳು ಹೊಗೆಯ ಚಲನಚಿತ್ರವನ್ನೇ ಕೊಡುವುದರಿಂದ, ಹೊಗೆಯ ಸುರುಳಿ ಓಡುವುದನ್ನು ನೋಡಿಯೇ ವೇಗ ತಿಳಿಯಬಹುದು.

ಇನ್ನೊಂದು ತೊಡಕನ್ನು ಬೆಂಗಳೂರಿನ ಉತ್ತರ ಭಾಗದವರು ದಿನವೂ ನೋಡುತ್ತಾರೆ. ತಿಳಿಯಾದ ದಿನ ದೂರದಿಂದ ನಂದಿಬೆಟ್ಟ ಕಂಡರೂ ಅದು ಬಂಡೆಯ ಬಣ್ಣದ್ದಾಗಿರದೆ ಮಾಸಲು ನೀಲಿಯಾಗಿರುತ್ತದೆ. ನಮಗೂ ಬೆಟ್ಟಕ್ಕೂ ನಡುವಿನ ಗಾಳಿಯೇ ಬೆಳಕು ಚೆಲ್ಲಿ ಅದರ ಬಣ್ಣ ತಿಳಿಗೊಳಿಸುವುದರ ಫಲ ಅದು. ಜ್ವಾಲಾಮುಖಿಯ ಹೊಗೆಯನ್ನು ಹತ್ತು ಕಿಲೋಮೀಟರ್ ದೂರದಿಂದ ಅಳೆದರೂ ಹೀಗೆಯೇ, ಹೊಗೆಯನ್ನು ಹಾಯದ ಬೆಳಕು ಬೆರೆತು ಬಾಚಣಿಗೆಯ ಹಲ್ಲುಗಳು ಸವೆದಂತೆ ಕಾಣುತ್ತವೆ. ಲೆಕ್ಕ ಯಾವಾಗಲೂ ಕಡಿಮೆಯ ಕಡೆಗೆ ತಪ್ಪುತ್ತದೆ. ಸುರಕ್ಷಿತವಾಗಿರಲು ದೂರ ನಿಂತಷ್ಟೂ ಅಪಾಯ ಚಿಕ್ಕದಾಗಿ ಕಾಣುತ್ತದೆ!

ರಾತ್ರಿ ನೇರಳಾತೀತ ಕುರುಡು. ಆಗ ಅವಕೆಂಪಿನ ಯಂತ್ರಗಳು ಬರುತ್ತವೆ, ಮತ್ತು ಇಲ್ಲೊಂದು ಚೆಂದದ ಉಪಾಯವಿದೆ: ಇಟಲಿಯ ಸ್ಟ್ರಾಂಬೋಲಿಯಂಥ ಕಡೆ ಕೆಂಡದಂಥ ಲಾವಾರಸವನ್ನೇ ದೀಪವಾಗಿ ಬಳಸಿ, ಅದರ ಮುಂದೆ ಹಾಯುವ ಅನಿಲವನ್ನು ಅಳೆಯುತ್ತಾರೆ. ನೀರಾವಿ, ಇಂಗಾಲ, ಗಂಧಕ, ಹೈಡ್ರೋಜನ್ ಕ್ಲೋರೈಡ್ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಆಗ ಟನ್ನಿನ ಗೊಡವೆ ಬಿಟ್ಟು ಅನುಪಾತ ನೋಡಬಹುದು, ಗಾಳಿಯ ವೇಗ ಬೇಕೇ ಇಲ್ಲ. ಇಂಗಾಲ ಆಳದಲ್ಲೇ ಹೊರಡುತ್ತದೆ ಎಂದೆನಲ್ಲ? ಗಂಧಕಕ್ಕೆ ಹೋಲಿಸಿದರೆ ಇಂಗಾಲದ ಪಾಲು ಏರತೊಡಗಿದರೆ ಆಳದಿಂದ ಹೊಸ ಶಿಲಾಪಾಕ ಹೊರಟಿದೆ ಎಂದರ್ಥವಾಗಬಹುದು. ಸ್ಟ್ರಾಂಬೋಲಿ, ಎಟ್ನಾಗಳಲ್ಲಿ ಇಂಥ ಮುನ್ಸೂಚನೆಗಳು ಸಿಕ್ಕಿವೆ.

ಉಪಗ್ರಹಗಳ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮಲ್ಲಿ ಈ ಚರ್ಚೆ ಅಲ್ಲಿಗೇ ಬಂದು ನಿಲ್ಲುತ್ತದೆ. 1982ರಲ್ಲಿ ಮೆಕ್ಸಿಕೋದ ಎಲ್ ಚಿಚೋನ್ ಸಿಡಿದಾಗ, ಓಝೋನ್ ಅಳೆಯಲು ಹಾರಿಸಿದ್ದ ಟಾಮ್ಸ್ ಎಂಬ ಉಪಕರಣದ ಲೆಕ್ಕದಲ್ಲಿ ವಿಚಿತ್ರ ಏರುಪೇರು ಕಂಡಿತು; ಅದು ಗಂಧಕದ ಮೋಡ. ಈಗ 2017ರ ಅಕ್ಟೋಬರಿನಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೊಮಿ ಉಪಕರಣ ದಿನಕ್ಕೊಮ್ಮೆ ಇಡೀ ಭೂಮಿಯನ್ನು ನೋಡುತ್ತದೆ. ಹೈಲಿ ಗುಬ್ಬಿಯ ಗಂಧಕ ಭಾರತದ ಮೇಲೆ ಹಾದು ಚೀನಾದ ಕಡೆಗೆ ಹೋದದ್ದನ್ನು ಜಗತ್ತು ಕಂಡದ್ದು ಇಂಥ ಕಣ್ಣುಗಳಿಂದ. ಆದರೆ ಅದರ ಒಂದು ಚುಕ್ಕಿಯ ಅಳತೆ ಐದೂವರೆ ಕಿಲೋಮೀಟರಿಗೆ ಮೂರೂವರೆ. ಮೆಜೆಸ್ಟಿಕ್‌ನಿಂದ ಲಾಲ್‌ಬಾಗಿನ ತನಕ ಒಂದೇ ಚುಕ್ಕಿ! ದೊಡ್ಡ ಸ್ಫೋಟ ಅದಕ್ಕೆ ತಪ್ಪುವುದಿಲ್ಲ. ಸ್ಫೋಟಕ್ಕೆ ವಾರಗಳ ಮೊದಲು ಬಿರುಕೊಂದರಿಂದ ಸಣ್ಣಗೆ ಸೋರುವ ಗಂಧಕವನ್ನು ದಿನಕ್ಕೊಂದು ನೋಟದಲ್ಲಿ, ಅದೂ ಮೋಡಗಳ ನಡುವೆ, ಹಿಡಿಯುವುದು ಕಷ್ಟ. ಉಪಗ್ರಹ ಇದೆಯಲ್ಲ ಎಂದು ನೆಲದ ಪೆಟ್ಟಿಗೆಯನ್ನು ಬಿಡುವುದು, ಊರಿಗೆಲ್ಲ ಆಂಬ್ಯುಲೆನ್ಸ್ ಇದೆಯಲ್ಲ ಎಂದು ಮನೆಯಲ್ಲಿ ಥರ್ಮಾಮೀಟರ್ ಇಡದಿರುವಂತೆ.

ನಮಗೇಕೆ ಇದೆಲ್ಲ ಎನ್ನುವವರಿದ್ದಾರೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದು ಏಳುವುದಿಲ್ಲ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಇದೆ, ಉತ್ತರ ಕರ್ನಾಟಕದ ಕಪ್ಪು ಕಲ್ಲು 6.6 ಕೋಟಿ ವರ್ಷ ಹಿಂದಿನ ದಖನ್ ಲಾವಾ. ಎಲ್ಲವೂ ಮುಗಿದ ಕಥೆ. ಆದರೆ ಅಂಡಮಾನಿನ ಬ್ಯಾರನ್ ದ್ವೀಪ ಮುಗಿದಿಲ್ಲ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಎದ್ದಿತು, ಆಮೇಲೆ ಆಗಾಗ ಏಳುತ್ತಲೇ ಇದೆ, 2025ರ ಸೆಪ್ಟೆಂಬರಿನಲ್ಲಿಯೂ ಸಿಡಿಯಿತು. ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂ, ಅಲ್ಲಿಂದ 140 ಕಿಲೋಮೀಟರಿನಷ್ಟು ದೂರ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಪ್ರವಾಸಿಗಳು ಹೋಗುವ ಊರು ಅದು.

ಚಿಮಣಿಗಾಗಿ ಹುಟ್ಟಿದ ವಿದ್ಯೆಯನ್ನು ಚಿಮಣಿಗೆ ಮರಳಿ ತರುವ ಕಾರಣವೂ ನಮಗಿದೆ. ಮನುಷ್ಯ ಬಿಡುವ ಗಂಧಕದ ಡೈಆಕ್ಸೈಡಿನಲ್ಲಿ ಭಾರತ ಜಗತ್ತಿನಲ್ಲೇ ಮುಂದಿದೆ. ಉಪಗ್ರಹದ ವಾರ್ಷಿಕ ನಕ್ಷೆ ನೋಡಿದರೆ ನಮ್ಮ ಮುಖ್ಯಭೂಮಿಯ ಮೇಲಿನ ಕೆಂಪು ಕಲೆಗಳು ಸಿಂಗ್ರೌಲಿ, ಕೊರ್ಬಾ, ತಾಲ್ಚೇರ್‌ನಂಥ ಕಲ್ಲಿದ್ದಲು ಊರುಗಳ ಮೇಲಿವೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಬಹುಪಾಲು ಕಲ್ಲಿದ್ದಲು ವಿದ್ಯುತ್ ಘಟಕಗಳಿಗೆ ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಕಡ್ಡಾಯವಲ್ಲ ಎಂದಿತು. ಆ ನಿರ್ಧಾರದ ಸರಿತಪ್ಪು ಇಲ್ಲಿ ಬೇಡ. ಆದರೆ ಚಿಮಣಿಯೊಳಗಿನ ಅಳತೆ ಸ್ಥಾವರದ ಮಾಲೀಕರ ಕೈಯಲ್ಲೇ ಇರುವಾಗ, ಬೇಲಿಯಾಚೆ ಜೀಪಿನಲ್ಲಿ ಹೋಗುತ್ತ ಅದನ್ನು ಮರುಪರೀಕ್ಷಿಸಲು ಕಾಸ್ಪೆಕ್‌ನ ಮೊಮ್ಮಕ್ಕಳು ಸಾಕು. ಉತ್ತರ ಯುರೋಪಿನಲ್ಲಿ ಹಡಗುಗಳ ಹೊಗೆಯನ್ನು ದಡದಿಂದ ಹೀಗೆಯೇ ಅಳೆಯುತ್ತಾರೆ. ರಾಯಚೂರು, ಬಳ್ಳಾರಿಗಳ ಚಿಮಣಿ ಬೆಂಗಳೂರಿನಿಂದ ಒಂದು ಹಗಲಿನ ಪ್ರಯಾಣ.

ಉಪಕರಣ ಮಾಡಲು ಬಾರದ ಊರಲ್ಲ ಇದು. 1975ರಲ್ಲಿ ಹಾರಿದ ಆರ್ಯಭಟ ರೂಪುಗೊಂಡದ್ದು ಪೀಣ್ಯದ ಶೆಡ್ಡುಗಳಲ್ಲಿ. ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಹೊರವಲಯದ ಬೆಳಕನ್ನು ಸೀಳಿ ನೋಡುವ ಯಂತ್ರವನ್ನು ಕೋರಮಂಗಲದ ಖಭೌತ ವಿಜ್ಞಾನ ಸಂಸ್ಥೆಯವರು ಹೊಸಕೋಟೆಯ ಆವರಣದಲ್ಲಿ ಜೋಡಿಸಿದರು. ಅದರ ಮುಂದೆ ಜ್ವಾಲಾಮುಖಿಯ ಪೆಟ್ಟಿಗೆ ಮಕ್ಕಳಾಟಿಕೆ. ಕಷ್ಟ ಇರುವುದು ಪೆಟ್ಟಿಗೆಯನ್ನು ನೆಟ್ಟ ಮೇಲೆ. ಉಪ್ಪುಗಾಳಿಗೆ ತಿರುಪುಗಳು ತುಕ್ಕು ಹಿಡಿಯುತ್ತವೆ, ಗಂಧಕದ ಆಮ್ಲ ಕಿಟಕಿಯ ಗಾಜನ್ನು ಮಂಕು ಮಾಡುತ್ತದೆ, ಸೌರಫಲಕದ ಮೇಲೆ ಬೂದಿ ಕೂರುತ್ತದೆ. ಏನೂ ನಡೆಯದ ಮುನ್ನೂರು ದಿನ ಆ ಗಾಜನ್ನು ಒರೆಸುವವರು ಬೇಕು, ಪಿನಟುಬೊದ 500ರಂಥ ಸಪ್ಪೆ ಸಂಖ್ಯೆಯನ್ನು ದಿನವೂ ಬರೆದಿಡುವವರು ಬೇಕು. ಉಪಗ್ರಹಕ್ಕೆ ಹಣ ಕೇಳುವ ಕಡತ ಹೇಗಿರಬೇಕೆಂದು ಈ ಊರಿಗೆ ಚೆನ್ನಾಗಿ ಗೊತ್ತು. ಗಾಜು ಒರೆಸುವವರ ಸಂಬಳವನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಹಾಕುವುದು ಎಂಬಲ್ಲಿ ಕಡತ ನಿಲ್ಲುತ್ತದೆ.